ಪರ್ಸಿ ಮ್ಯಾಲಿನ ಲೆಕ್ಕ

ಶಹಾಬಾದಿನ ಖಣಿ ದಂಡಿಗೆ ನಮ್ಮ ಶೆಡ್ಡು.
ಹಂಚಿನಿಂದ ರೊಟ್ಟಿ ಎದ್ದಂಗ ಏಳ್ತದ ಇಲ್ಲಿ ಕಲ್ಲು, ಪದರಿಗೆ ಪದರು.
ಬಾಗಲ ಬಾಜೂಕ ಒಂದು ಮುಕ್ಕಾದ ಪರ್ಸಿ ನಿಂದ್ರಿಸೀವಿ,
ಯಾರೂ ಕೊಳ್ಳಲಾರದ್ದು. ಅದರ ಮ್ಯಾಲ ಖಡುಲೆ ನಾ ಲೆಕ್ಕ ಇಡ್ತೀನಿ:
ಎಡಕ್ಕ ಅಪ್ಪ, ಬಲಕ್ಕ ಅಮೋಸ ಮಾಮಾ.

ಅಪ್ಪನ ಹೆಸರು ಯೋನಪ್ಪ. ಆರು ದಿನ ಕಲ್ಲು ಸೀಳ್ತಿದ್ದ,
ಏಳನೇ ದಿನ ಬಿಳಿ ಅಂಗಿ ತೊಟ್ಟು ಚರ್ಚಿನ್ಯಾಗ ಪ್ರಸಂಗ ಮಾಡ್ತಿದ್ದ.
ಮಾಮಾ ನಮ್ಮವ್ವನ ತಮ್ಮ, ಚಿತ್ತಾಪುರದ ಸಾಲ್ಯಾಗ ವಿಜ್ಞಾನದ ಮಾಸ್ತರ.
ಸಣ್ಣಾಂವಿದ್ದಾಗ ಅದೇ ಚರ್ಚಿನ ಗಂಟಿ ಹೊಡದಾಂವ,
ಈಗ ಕ್ರಿಸ್‌ಮಸ್ಸಿನ ಕರ್ಚೀಕಾಯಿಗಷ್ಟೇ ಭಕ್ತ.

ಐತವಾರ ಸಂಜೀಕ ಸುಸಲಾ, ಮಿರ್ಚಿ, ಮತ್ತ ಜಗಳ.

"ಆರು ದಿನದಾಗ ಇಷ್ಟೆಲ್ಲಾ ಆಯ್ತೇನು ಭಾವಾ?
ಈ ಒಂದು ಪರ್ಸಿ ಗಟ್ಟಿಯಾಗಲಾಕೇ ಎಷ್ಟು ಸಾವಿರ ವರ್ಷ ಹಿಡದಾವು, ಗೊತ್ತದೇನು?"
"ಆ ದಿನಾ ಎಷ್ಟುದ್ದ ಇತ್ತಂತ ನೀ ಗಡಿಯಾರ ಹಿಡಕೊಂಡು ನಿಂತಿದ್ದೇನು?
ಸೂರ್ಯನೇ ನಾಕನೇ ದಿನಕ್ಕ ಬಂದಾನ."
ಎಡಕ್ಕ ಒಂದು ಗೀಟು.

"ನಿನ್ನ ಹೆಸರಿನಂವ ಮೂರು ದಿನ ಮೀನಿನ ಹೊಟ್ಟ್ಯಾಗಿದ್ದ,
ಅದನ್ನ ನಂಬ್ತಿ. ನಾವೆಲ್ಲಾ ಮೀನಿನ ಹೊಟ್ಟಿಯಿಂದೇ ಬಂದೀವಿ,
ಬರಲಾಕ ಕೋಟಿಗಟ್ಲೆ ವರ್ಷ ಹತ್ಯಾವ ಅಂದ್ರ ಸಿಟ್ಟಿಗೇಳ್ತಿ!"
ಅಪ್ಪಗೂ ನಗಿ ಬಂತು, ಮಿರ್ಚಿ ನೆತ್ತಿಗೇರಿತು.
ಬಲಕ್ಕ ಎರಡು.

"ನಲವತ್ತು ವರ್ಷ ಸೀಳೀನಿ ಅಮೋಸಾ, ಲಕ್ಷ ಪರ್ಸಿ ತೆರದೀನಿ.
ಒಂದರಾಗರ ಒಂದು ಮೀನಿನ ಎಲುವು? ಒಂದು ಬಾಲ?"
"ಇಲ್ಲ. ಯಾಕಂದ್ರ ಈ ಕಲ್ಲು ಮೀನಿಗಿಂತ ಹಳೇದು, ಭಾವಾ."
ಅವತ್ತು ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.
ತಾ ಕುಂತಿದ್ದ ಹಾಸುಗಲ್ಲನ್ನ ಅಪ್ಪ ಅಂಗೈಲೆ ಸವರಿದ,
ಎಮ್ಮಿ ಮೈ ಸವರಿದಂಗ.
ಗೀಟು ಯಾರಿಗೆ ಹಾಕಬೇಕಂತ ತಿಳೀಲಿಲ್ಲ ನನಗ.

ಅವ್ವ ತೀರಿಕೊಂಡ ವರ್ಷ ಮಾತ್ರ ಪರ್ಸಿ ಖಾಲಿ.
ಗೋರಿಗೆ ಕಲ್ಲು ಆರಿಸಲಾಕ ಇಬ್ಬರೂ ಖಣಿಗಿಳದ್ರು.
ಅಪ್ಪ ವಚನ ಕೆತ್ತಬೇಕಂದ, ಮಾಮಾ ಬರೀ ಹೆಸರು ಸಾಕಂದ.
ಕಡೀಕ ಎಬ್ಬಿಸಿದ ಕಲ್ಲಿನ ಮೈಮ್ಯಾಲ ಹಳೇ ನೀರಿನ ಅಲೆಗಳಿದ್ವು,
ಗಾಳಿ ಬೀಸಿ ಅದೇ ಈಗ ನಿಂತಂಗ.
ಪಾಲಿಶ್ ಮಾಡಬ್ಯಾಡ ಅಂದ ಅಪ್ಪ.
ಮಾಡಬ್ಯಾಡ ಅಂದ ಮಾಮಾ.
ಕೆತ್ತಿದರ ಅಲೆ ಒಡೀತಾವಂತ ವಚನಾನೂ ಇಲ್ಲ, ಹೆಸರೂ ಇಲ್ಲ;
ಹುಡುಕ್ಕೊಂಡು ಹೋದವರು ಬೆರಳಿಲೆ ಮುಟ್ಟಿ ಗುರ್ತು ಹಿಡೀಬೇಕು.

ಈಗ ಅಪ್ಪನ ಎದಿಯಾಗ ಕಲ್ಲಿನ ಧೂಳು ಕುಂತದ.
ದನಿ ಎರಡು ಮಾರು ದಾಟಲ್ಲ, ಕಣ್ಣಿಗೆ ಅಕ್ಷರ ಹತ್ತಲ್ಲ.
"ಓದು" ಅಂತ ಕರಿ ರಟ್ಟಿನ ಗ್ರಂಥ ಮಾಮಾನ ತೊಡಿಮ್ಯಾಲ ಇಟ್ಟ.
ಮಾಮಾ ಓದ್ತಾನ: ಒಂದು ಸಾಲು ಓದು, ಎರಡು ಸಾಲು ತಕರಾರು.
ತಕರಾರು ಕೇಳಲಾಕೇ ಓದಸ್ತಾನೋ ಏನೋ.

ನಿನ್ನಿ ವಂಶಾವಳಿ ಬಂತು. ಇಂವ ಅವನ ಮಗ, ಅಂವ ಇನ್ನೊಬ್ಬನ ಮಗ,
ಹಿಂದಕ್ಕ, ಹಿಂದಕ್ಕ, ಮೊದಲನೇ ಮನುಷ್ಯನ ತನಕ.
ಅಪ್ಪನ ಕಣ್ಣು ಮುಚ್ಚಿದ್ವು. ನಿದ್ದಿ ಹತ್ಯದ ಅಂತ ತಿಳಿದು
ಮಾಮಾ ಪುಟ ಬಿಟ್ಟು, ಅದೇ ರಾಗದಾಗ, ಮೆಲ್ಲಕ ಮುಂದುವರಿಸಿದ:
ಅಂವ ಗಿಡದಿಂದ ಇಳದಾಕಿ ಮಗ,
ಅಕಿ ಕತ್ತಲಾಗೇ ತಿರಗಾಡೋ ಇಲಿ ಗಾತ್ರದಾಕಿ ಮಗಳು,
ಅಕಿ ಕೆಸರಿನ್ಯಾಗ ರೆಕ್ಕಿ ಊರಿ ಮೊದಲ ಸಲ ಉಸಿರೆಳಕೊಂಡಾಂವನ ಮಗಳು,
ಅಂವ ಎಲುವಿಲ್ಲದ್ದರ ಮಗ, ಎಲುವಿಲ್ಲದ್ದು ಕಣ್ಣಿಲ್ಲದ್ದರದು,
ಕಣ್ಣಿಲ್ಲದ್ದು, ಬೆಚ್ಚನ್ನ ನೀರಿನ್ಯಾಗ ಒಂದೇ ಒಂದು ಕಣದ್ದು.

ನಿಂತ. ಕಾಗಿಣಾ ಕಡಿಂದ ಗಾಳಿ ಬಂದು ಪುಟ ತಿರಿವಿತು.

"ಅದರ ಹಿಂದ?" ಅಂದ ಅಪ್ಪ, ಕಣ್ಣು ತೆಗೀದೇ.

ಮಾಮಾ ಚಸ್ಮಾ ತೆಗದು ಒರಸಿದ, ಮತ್ತ ಹಾಕೊಂಡ.
"ಗೊತ್ತಿಲ್ಲ ಭಾವಾ."
"ರೂತಾ, ಬರಕೋ. ಮಾಸ್ತರ ಗೊತ್ತಿಲ್ಲ ಅಂದ."
"ಅದು ಸೋಲಲ್ಲ!" ಮಾಮಾ ಎದ್ದೇ ನಿಂತ. "ಅದೇ ನಮ್ಮ..."
ಅಪ್ಪಗೆ ನಗಿ, ನಗಿ ಹಿಂದ ಕೆಮ್ಮು, ಕೆಮ್ಮಿನ ಹಿಂದ ಮತ್ತ ನಗಿ.
ಬೆನ್ನು ತಿಕ್ಕಿಕೋತ ಮಾಮಾ ತಕರಾರು ಮುಂದುವರಿಸಿದ.

ನಾ ಖಡು ಹಿಡಕೊಂಡು ಪರ್ಸಿ ಮುಂದ ನಿಂತಿದ್ದೆ.
ಹೊರಗ ಲಾರಿ ಹಿಂದಕ್ಕ ಬರಲಕತ್ತಿತ್ತು, ಮೂವತ್ತು ಕಲ್ಲು ಏರಿಸಬೇಕು,
ಒಲಿ ಮ್ಯಾಲ ಚಾ.